ದುಡ್ಡಿಲ್ಲದಾಗ ಹುಟ್ಟಿದ ಭಯ: ಹಾರರ್ ಸಿನಿಮಾದ ಹಳೇ ಪಟ್ಟುಗಳ ಬಗ್ಗೆ ಮಾತಾಡೋಣ

ಸೆಕೆಂಡ್ ಶೋ:

ಎಲ್ಲರಿಗೂ ನಮಸ್ಕಾರ. ಹಾರರ್ ಸಿನಿಮಾ ಅಂದರೆ ನನಗೆ ಪ್ರಾಣ. ಹಳೆಯದು, ಹೊಸದು, ಒಳ್ಳೆಯದು, ಕಳಪೆ ಅಂತ ನೋಡದೆ ಸಿಕ್ಕಿದ್ದನ್ನೆಲ್ಲ ನೋಡುತ್ತೇನೆ. ಈಚೆಗೆ ಒಂದು ವಿಷಯ ತಲೆಯಲ್ಲಿ ಕೊರೆಯುತ್ತಿದೆ. ಸ್ವಲ್ಪ ಉದ್ದ ಇದೆ, ಪುರುಸೊತ್ತಿನಲ್ಲಿ ಓದಿ.

ಬಚ್ಚಲುಮನೆ ಕನ್ನಡಿಯ ದೃಶ್ಯ ಗೊತ್ತಲ್ವಾ? ನಾಯಕಿ ಮುಖ ತೊಳೆಯಲು ಬಗ್ಗುತ್ತಾಳೆ. ತಲೆ ಎತ್ತಿದರೆ ಕನ್ನಡಿಯಲ್ಲಿ ಹಿಂದೆ ಯಾರೋ ನಿಂತಿದ್ದಾರೆ. ಅದೇ ಕ್ಷಣಕ್ಕೆ ಸ್ಪೀಕರ್ ಒಡೆಯುವ ಹಾಗೆ ಸದ್ದು. ನಾವು ಬೆಚ್ಚಿಬೀಳುತ್ತೇವೆ, ನಿಜ. ಯಾರಾದರೂ ಕಿವಿಯ ಹತ್ತಿರ ಪಟಾಕಿ ಹೊಡೆದರೂ ಬೆಚ್ಚಿಬೀಳುತ್ತೇವೆ. ಮನೆಗೆ ಬಂದು ಲೈಟ್ ಆರಿಸುವಾಗ ಆ ದೃಶ್ಯ ನೆನಪಾಗುತ್ತದಾ? ನನಗೆ ಆಗುವುದಿಲ್ಲ.

ನನ್ನ ಮಾತು ಇಷ್ಟು. ನಾವು ಇವತ್ತು ಹಾರರ್‌ನ ನಿಯಮ ಅಂತ ಕರೆಯುವ ಎಷ್ಟೋ ಪಟ್ಟುಗಳು ಒಂದು ಕಾಲದಲ್ಲಿ ಯಾರದೋ ಕಷ್ಟಕ್ಕೆ ಸಿಕ್ಕ ಉಪಾಯಗಳು. ದುಡ್ಡಿರಲಿಲ್ಲ, ಯಂತ್ರ ಕೈಕೊಟ್ಟಿತು, ಬೇಕಾದ ಸಲಕರಣೆ ಸಿಗಲಿಲ್ಲ. ಹೇಗೋ ದಾರಿ ಹುಡುಕಿದರು. ಆ ದಾರಿ ಜನರನ್ನು ಹೆದರಿಸಿತು. ಆಮೇಲೆ ಬಂದವರು ಉಪಾಯವನ್ನು ಮಾತ್ರ ಎತ್ತಿಕೊಂಡರು. ಅದು ಏಕೆ ಹೆದರಿಸಿತು ಅಂತ ಯಾರೂ ಕೇಳಲಿಲ್ಲ.

ದಿಢೀರ್ ಬೆಚ್ಚಿಸುವ ಪಟ್ಟನ್ನೇ ತೆಗೆದುಕೊಳ್ಳಿ. 1942ರಲ್ಲಿ ಅಮೆರಿಕದ ಆರ್‌ಕೆಓ ಸ್ಟುಡಿಯೊ ಕಷ್ಟದಲ್ಲಿತ್ತು. ವ್ಯಾಲ್ ಲ್ಯೂಟನ್ ಎಂಬ ನಿರ್ಮಾಪಕರಿಗೆ ಒಂದು ಸಣ್ಣ ವಿಭಾಗ ಕೊಟ್ಟು ಕಟ್ಟಳೆ ಹಾಕಿದರು. ಸಿನಿಮಾ 75 ನಿಮಿಷ ಮೀರಬಾರದು. ಖರ್ಚು ಒಂದೂವರೆ ಲಕ್ಷ ಡಾಲರ್ ದಾಟಬಾರದು. ಹೆಸರನ್ನು ಸ್ಟುಡಿಯೊ ಕೊಡುತ್ತದೆ, ಕಥೆ ನೀವು ಹೊಂದಿಸಿಕೊಳ್ಳಿ. ಮೊದಲು ಕೊಟ್ಟ ಹೆಸರು 'ಕ್ಯಾಟ್ ಪೀಪಲ್'. ಬೆಕ್ಕಿನ ವೇಷ ಹಾಕಿಸಿ ಓಡಾಡಿಸಿದರೆ ಜನ ನಗುತ್ತಾರೆ ಅಂತ ಲ್ಯೂಟನ್ ಮತ್ತು ನಿರ್ದೇಶಕ ಜಾಕ್ ಟೂರ್ನರ್ ಅವರಿಗೆ ಗೊತ್ತಿತ್ತು. ಹಾಗಾಗಿ ಪ್ರಾಣಿಯನ್ನು ನೆರಳಿನಲ್ಲಿ ಇಟ್ಟರು.

ಅದರಲ್ಲಿ ಒಂದು ದೃಶ್ಯ. ರಾತ್ರಿ, ಪಾರ್ಕಿನ ಗೋಡೆ ಪಕ್ಕದ ದಾರಿ. ಒಬ್ಬಳು ನಡೆಯುತ್ತಿದ್ದಾಳೆ, ಇನ್ನೊಬ್ಬಳು ಹಿಂಬಾಲಿಸುತ್ತಿದ್ದಾಳೆ. ಹಿನ್ನೆಲೆ ಸಂಗೀತ ಇಲ್ಲ. ಬರೀ ಹೀಲ್ಸ್ ಚಪ್ಪಲಿಯ ಟಕ್ ಟಕ್, ಇಬ್ಬರದ್ದೂ. ಸ್ವಲ್ಪ ಹೊತ್ತಿಗೆ ಹಿಂದಿನವಳ ಹೆಜ್ಜೆ ಸದ್ದು ನಿಂತುಹೋಗುತ್ತದೆ. ಮುಂದಿನವಳು ತಿರುಗಿ ನೋಡುತ್ತಾಳೆ, ಯಾರೂ ಇಲ್ಲ. ನಡಿಗೆ ಜೋರಾಗುತ್ತದೆ. ಆಗ ಬುಸ್ ಅಂತ ಮೃಗದ ಹಾಗೆ ಒಂದು ಸದ್ದು ಬರುತ್ತದೆ. ನೋಡಿದರೆ ಸಿಟಿ ಬಸ್ ಬಂದು ನಿಂತಿದೆ, ಅಷ್ಟೇ. ಇವತ್ತಿಗೂ ಸಿನಿಮಾದವರು ಈ ಪಟ್ಟಿಗೆ 'ಲ್ಯೂಟನ್ ಬಸ್' ಅನ್ನುತ್ತಾರೆ.

ಇಲ್ಲಿ ಬಸ್ಸು ಮುಖ್ಯ ಅಲ್ಲ. ಅದಕ್ಕೂ ಮುಂಚಿನ ಹೆಜ್ಜೆ ಸದ್ದು ಮುಖ್ಯ, ಅದು ನಿಂತದ್ದು ಅದಕ್ಕಿಂತ ಮುಖ್ಯ. ನಮ್ಮ ಕಿವಿಯನ್ನು ಆ ಸಿನಿಮಾ ತಯಾರು ಮಾಡಿತ್ತು. ಈಗಿನವರು ಹೆಜ್ಜೆಯನ್ನು ಬಿಟ್ಟು ಬಸ್ಸನ್ನು ಮಾತ್ರ ಇಟ್ಟುಕೊಂಡಿದ್ದಾರೆ. ಪ್ರತಿ ಹತ್ತು ನಿಮಿಷಕ್ಕೆ ಒಂದು ಬಸ್ಸು.

1975ರ 'ಜಾಸ್' ಕಥೆ ತುಂಬಾ ಜನರಿಗೆ ಗೊತ್ತಿರುತ್ತದೆ. ಸ್ಪೀಲ್‌ಬರ್ಗ್ ಮಾಡಿಸಿದ ಯಾಂತ್ರಿಕ ಶಾರ್ಕ್ ಸಮುದ್ರದ ಉಪ್ಪುನೀರಿಗೆ ಇಳಿದ ಮೇಲೆ ಪದೇ ಪದೇ ಕೆಟ್ಟಿತು. ಶೂಟಿಂಗ್ ನಿಲ್ಲಿಸುವ ಹಾಗಿರಲಿಲ್ಲ. ನೀರಿನ ಮೇಲೆ ತೇಲುವ ಹಳದಿ ಡ್ರಮ್ಮುಗಳು, ನೀರಿನ ಮಟ್ಟದಲ್ಲಿ ಚಲಿಸುವ ಕ್ಯಾಮೆರಾ, ಜಾನ್ ವಿಲಿಯಮ್ಸ್ ಅವರ ಎರಡೇ ಸ್ವರಗಳ ಸಂಗೀತ. ಶಾರ್ಕ್ ಬಂತು ಅಂತ ಹೇಳಲು ಇಷ್ಟೇ ಸಾಕಾಯಿತು. ಮೊದಲ ಒಂದು ಗಂಟೆ ಆ ಪ್ರಾಣಿ ಸರಿಯಾಗಿ ಕಾಣಿಸುವುದೇ ಇಲ್ಲ. ಯಂತ್ರ ಸರಿಯಾಗಿ ಕೆಲಸ ಮಾಡಿದ್ದರೆ ಅದನ್ನು ಮೊದಲ ರೀಲಿನಿಂದಲೇ ತೋರಿಸುತ್ತಿದ್ದರು ಅಂತ ನನ್ನ ಅನಿಸಿಕೆ.

ಇನ್ನೊಂದು, ನನಗೆ ತುಂಬಾ ಇಷ್ಟವಾದದ್ದು. ಸ್ಯಾಮ್ ರೈಮಿ ಅವರ ಮೊದಲ ದೊಡ್ಡ ಸಿನಿಮಾ 'ದಿ ಇವಿಲ್ ಡೆಡ್', 1981. ಕಾಡಿನಲ್ಲಿ ಕಾಣದ ಶಕ್ತಿಯೊಂದು ನೆಲಮಟ್ಟದಲ್ಲಿ ನುಗ್ಗಿ ಬರುವ ಶಾಟ್‌ಗಳಿವೆ. ನಡೆಯುವಾಗ ಕ್ಯಾಮೆರಾ ಅಲುಗದ ಹಾಗೆ ಹಿಡಿಯುವ ಸಲಕರಣೆ ಸ್ಟೆಡಿಕ್ಯಾಮ್, ಅದನ್ನು ತರಿಸುವಷ್ಟು ದುಡ್ಡಿರಲಿಲ್ಲ. ಒಂದು ಮರದ ಹಲಗೆಯ ನಡುವೆ ಕ್ಯಾಮೆರಾ ಕಟ್ಟಿ, ಎರಡೂ ತುದಿಯನ್ನು ಇಬ್ಬರು ಹಿಡಿದು ಕಾಡಿನಲ್ಲಿ ಓಡಿದರು. ಆ ಅಲುಗಾಟವೇ ದೆವ್ವದ ನಡೆ ಆಯಿತು. ನುಣುಪಾಗಿ ಬಂದಿದ್ದರೆ ಅಷ್ಟು ಕ್ರೂರವಾಗಿ ಕಾಣುತ್ತಿರಲಿಲ್ಲ.

ನಿಮಗೆ ಯಾವ ಪಟ್ಟು ಇನ್ನೂ ಜೀವಂತ ಅನಿಸುತ್ತದೆ? ಯಾವುದು ಸತ್ತಿದೆ? ಬರೆಯಿರಿ.


ಬಾಲ್ಕನಿ ಸೀಟು:

ಗುರು, ಬರಹ ಚೆನ್ನಾಗಿದೆ. ಆದರೆ ಕನ್ನಡಿ ದೃಶ್ಯವನ್ನು ಅಷ್ಟು ಬೈಯಬೇಡಿ. ನಾನು ಹಾರರ್‌ಗೆ ಹೋಗುವುದು ಸ್ನೇಹಿತರ ಜೊತೆ. ಥಿಯೇಟರ್ ತುಂಬಿರಬೇಕು, ಎಲ್ಲರೂ ಒಟ್ಟಿಗೆ ಕಿರುಚಬೇಕು, ಕಿರುಚಿದ ಮೇಲೆ ಎಲ್ಲರೂ ಒಟ್ಟಿಗೆ ನಗಬೇಕು. ಆ ನಗು ಇದೆಯಲ್ಲ, ಅದಕ್ಕೇ ಟಿಕೆಟ್ ದುಡ್ಡು. ಮನೆಗೆ ಹೋದ ಮೇಲೂ ಕಾಡಬೇಕು ಅನ್ನುವುದು ಎಲ್ಲರ ಆಸೆಯಲ್ಲ. ನನ್ನ ತಂಗಿ ಎರಡು ಗಂಟೆ ಹೆದರಿ, ಹೊರಗೆ ಬಂದು ಗೋಬಿ ಮಂಚೂರಿ ತಿಂದು, ನೆಮ್ಮದಿಯಾಗಿ ನಿದ್ದೆ ಮಾಡುತ್ತಾಳೆ. ಅದೂ ಸಿನಿಮಾ ಕೊಡುವ ಸಂತೋಷವೇ ಅಲ್ವಾ?


ಸೌಂಡ್ ರೂಮ್:

ನಾನು ಕೆಲಸ ಮಾಡುವುದೇ ಸದ್ದಿನ ವಿಭಾಗದಲ್ಲಿ. ಹಾಗಾಗಿ ಈ ಚರ್ಚೆಗೆ ಬರದೇ ಇರಲು ಆಗಲಿಲ್ಲ.

ಸೆಕೆಂಡ್ ಶೋ ಹೇಳಿದ ಹೆಜ್ಜೆ ಸದ್ದಿನ ಮಾತು ನೂರಕ್ಕೆ ನೂರು ಸರಿ. ಜೋರು ಅನ್ನುವುದು ಹೋಲಿಕೆಯಿಂದ ಬರುವ ಗುಣ. ಹಿಂದಿನ ಒಂದು ನಿಮಿಷ ಎಷ್ಟು ಮೆತ್ತಗಿತ್ತು ಅನ್ನುವುದರ ಮೇಲೆ ಮುಂದಿನ ಸದ್ದು ಎಷ್ಟು ಜೋರು ಅಂತ ನಮ್ಮ ಕಿವಿ ತೀರ್ಮಾನಿಸುತ್ತದೆ. ಇಡೀ ಸಿನಿಮಾ ಜೋರಾಗಿದ್ದರೆ ಹೆದರಿಸಲು ಜಾಗವೇ ಉಳಿಯುವುದಿಲ್ಲ. ಮಿಕ್ಸಿಂಗ್‌ಗೆ, ಅಂದರೆ ಎಲ್ಲ ಸದ್ದುಗಳನ್ನು ಹದವಾಗಿ ಬೆರೆಸುವ ಕೆಲಸಕ್ಕೆ, ಬರುವ ಎಷ್ಟೋ ನಿರ್ದೇಶಕರು ಮೌನ ಕಂಡರೆ ಗಾಬರಿಯಾಗುತ್ತಾರೆ. 'ಇಲ್ಲಿ ಖಾಲಿ ಅನಿಸುತ್ತಿದೆ, ಏನಾದರೂ ತುಂಬಿ' ಅನ್ನುತ್ತಾರೆ. ತುಂಬುತ್ತೇವೆ. ಭಯ ಹೋಗುತ್ತದೆ.

ಸಣ್ಣ ಸದ್ದಿನ ಶಕ್ತಿಗೆ ಒಂದು ಉದಾಹರಣೆ ಕೊಡುತ್ತೇನೆ. 1973ರ 'ದಿ ಎಕ್ಸಾರ್ಸಿಸ್ಟ್'ನಲ್ಲಿ ಹುಡುಗಿಯ ತಲೆ ಪೂರ್ತಿ ತಿರುಗುವ ದೃಶ್ಯ. ಅಲ್ಲಿ ಕೇಳುವ ಕರಕರ ಸದ್ದು ಬಂದದ್ದು ಒಂದು ಹಳೇ ಚರ್ಮದ ಪರ್ಸಿನಿಂದ. ಒಳಗೆ ಕ್ರೆಡಿಟ್ ಕಾರ್ಡುಗಳಿದ್ದ ಪರ್ಸನ್ನು ಮೈಕ್ ಹತ್ತಿರ ಹಿಡಿದು ತಿರುಚಿದರು. ಅದೇ ಸಿನಿಮಾದಲ್ಲಿ ಮಂಚದ ಕೋಣೆಯಲ್ಲಿ ಎಲ್ಲರ ಬಾಯಿಂದ ಹಬೆ ಬರುತ್ತದಲ್ಲ, ಅದು ನಿಜವಾದ ಹಬೆ. ಸೆಟ್ಟನ್ನೇ ದೊಡ್ಡ ಏಸಿಗಳಿಂದ ಕೊರೆಯುವಷ್ಟು ತಣ್ಣಗೆ ಮಾಡಿದ್ದರು. ನಟರು ನಡುಗಿದ್ದರಲ್ಲಿ ಅರ್ಧ ನಟನೆ, ಅರ್ಧ ಚಳಿ. ನಡುಗುವ ಬಾಯಿಂದ ಬರುವ ಮಾತು ಬೇರೆಯೇ ಥರ ಕೇಳುತ್ತದೆ.

ನಮ್ಮಲ್ಲಿ ಬಹಳ ಕಾಲ ಎಲ್ಲವನ್ನೂ ಸ್ಟುಡಿಯೊದಲ್ಲಿ ಡಬ್ಬಿಂಗ್ ಮಾಡುವುದೇ ರೂಢಿಯಾಗಿತ್ತು. ಹಾಸ್ಯಕ್ಕೆ, ಫೈಟಿಗೆ ಅದು ನಡೆಯುತ್ತದೆ. ಹಾರರ್‌ಗೆ ತುಂಬಾ ನಷ್ಟ. ಹೆದರಿದ ಮನುಷ್ಯನ ಉಸಿರು, ಒಣಗಿದ ಗಂಟಲು, ಮಾತಿನ ನಡುವೆ ನುಂಗುವ ಉಗುಳು, ಇವು ಜಾಗದಲ್ಲೇ ಸಿಗುತ್ತವೆ. ಡಬ್ಬಿಂಗ್ ಕೋಣೆಯಲ್ಲಿ ಕಾಫಿ ಕುಡಿದು ಬಂದು ಅದನ್ನು ಮತ್ತೆ ತರುವುದು ಬಹಳ ದೊಡ್ಡ ನಟರಿಗೆ ಮಾತ್ರ ಸಾಧ್ಯ.

ಇನ್ನೊಂದು ವಿಷಯ, ಪ್ರೇಕ್ಷಕರಿಗೆ. ಥಿಯೇಟರಿನ ಸೌಂಡ್ ಪ್ರೊಸೆಸರ್‌ನಲ್ಲಿ 7 ಅನ್ನುವ ಅಂಕಿಗೆ ಇಟ್ಟರೆ ಮಿಕ್ಸಿಂಗ್ ಕೋಣೆಯಲ್ಲಿ ನಾವು ಕೇಳಿದ ಮಟ್ಟ ಬರುತ್ತದೆ. ಆದರೆ ಜೋರು ಅಂತ ದೂರು ಬರುವುದರಿಂದ ಎಷ್ಟೋ ಕಡೆ ಅದನ್ನು ಇಳಿಸಿರುತ್ತಾರೆ. ಆಗ ಪಿಸುಮಾತು, ಗಾಳಿ, ದೂರದ ಬಾಗಿಲು ಎಲ್ಲ ಫ್ಯಾನು, ಏಸಿ ಸದ್ದಿನಲ್ಲಿ ಮುಳುಗುತ್ತವೆ. ಉಳಿಯುವುದು ಢಂ ಒಂದೇ. ಮನೆಯಲ್ಲಿ ಟಿವಿ ಅಥವಾ ಸೌಂಡ್‌ಬಾರ್‌ನಲ್ಲಿ 'ನೈಟ್ ಮೋಡ್' ಹಾಕಿದರೂ ಇದೇ ಕಥೆ. ಅದು ಮೆತ್ತಗಿನದನ್ನು ಏರಿಸಿ, ಜೋರಿನದನ್ನು ಇಳಿಸಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುತ್ತದೆ. ಹಾರರ್ ನೋಡುವಾಗ ಅದನ್ನು ಆಫ್ ಮಾಡಿ, ದಯವಿಟ್ಟು. ಅಕ್ಕಪಕ್ಕದ ಮನೆಯವರಿಗೆ ತೊಂದರೆ ಅಂದರೆ ಹೆಡ್‌ಫೋನ್ ಹಾಕಿಕೊಳ್ಳಿ.


ಸೆಕೆಂಡ್ ಶೋ:

ಸೌಂಡ್ ರೂಮ್ ಸರ್, ಆ ಪರ್ಸಿನ ವಿಷಯ ಓದಿ ತುಂಬಾ ಖುಷಿಯಾಯಿತು. ನಿಮ್ಮ ಮಾತಿಗೆ ಒಂದು ಸೇರಿಸುತ್ತೇನೆ. 1978ರ 'ಹ್ಯಾಲೋವೀನ್' ಸಿನಿಮಾವನ್ನು ಸಂಗೀತ ಇಲ್ಲದೆ ಒಂದು ದೊಡ್ಡ ಸ್ಟುಡಿಯೊದ ಅಧಿಕಾರಿಯೊಬ್ಬರಿಗೆ ತೋರಿಸಿದಾಗ ಅವರಿಗೆ ಒಂದಿಷ್ಟೂ ಭಯ ಆಗಲಿಲ್ಲವಂತೆ. ನಿರ್ದೇಶಕ ಜಾನ್ ಕಾರ್ಪೆಂಟರ್ ಅವರೇ ಇದನ್ನು ಬರೆದಿದ್ದಾರೆ. ಆಮೇಲೆ ಸಂಗೀತವನ್ನು ತಾವೇ ಮಾಡಿದರು. ಐದು ಎಣಿಕೆಯ ತಾಳ. ಚಿಕ್ಕಂದಿನಲ್ಲಿ ಅಪ್ಪ ಬಾಂಗೋ ಮೇಲೆ ಹೇಳಿಕೊಟ್ಟದ್ದು. ನಾಲ್ಕಕ್ಕೆ ಒಗ್ಗಿದ ಕಿವಿಗೆ ಐದು ಬಂದರೆ ಕಾಲು ಎಲ್ಲಿಡಬೇಕು ಅಂತ ತಿಳಿಯುವುದಿಲ್ಲ. ಪಿಯಾನೋದ ಕೆಲವೇ ಮನೆಗಳಲ್ಲಿ ಮುಗಿಯುವ ಟ್ಯೂನ್ ಅದು. ದೊಡ್ಡ ಆರ್ಕೆಸ್ಟ್ರಾ ತರಿಸುವ ಶಕ್ತಿ ಇದ್ದಿದ್ದರೆ ಇದು ಹುಟ್ಟುತ್ತಿತ್ತಾ?

ಬಾಲ್ಕನಿ ಸೀಟು, ನಿಮ್ಮ ಸಂತೋಷವನ್ನು ಕಸಿಯುವ ಉದ್ದೇಶ ನನಗಿಲ್ಲ. ಎಲ್ಲರೂ ಒಟ್ಟಿಗೆ ಕಿರುಚಿ ನಗುವುದು ನನಗೂ ಇಷ್ಟ. ಆದರೆ ಆ ಕಿರುಚಾಟಕ್ಕೂ ಮೊದಲು ಥಿಯೇಟರ್ ಪೂರ್ತಿ ಗಪ್‌ಚಿಪ್ ಆಗಿರುತ್ತದಲ್ಲ, ಅದನ್ನು ಸಂಪಾದಿಸಿದ ಸಿನಿಮಾದಲ್ಲಿ ಕಿರುಚಾಟವೂ ಜಾಸ್ತಿ.


ಕ್ಯಾಮೆರಾ ಹಿಂದೆ:

ಸೆಕೆಂಡ್ ಶೋ ಅವರ ವಾದ ಕೇಳಲು ಚೆಂದ. ಪೂರ್ತಿ ಒಪ್ಪಲು ಆಗುವುದಿಲ್ಲ. ಬಡತನವೇ ಕಲೆಯ ತಾಯಿ ಅನ್ನುವ ಮಾತನ್ನು ನಮ್ಮ ನಿರ್ಮಾಪಕರು ಬಹಳ ಇಷ್ಟಪಡುತ್ತಾರೆ. ಲೈಟು ಕೇಳಿದರೆ 'ಕತ್ತಲೆಯಲ್ಲೇ ಭಯ ಅಲ್ವೇನಪ್ಪಾ' ಅನ್ನುತ್ತಾರೆ.

ನೀವೇ ಹೇಳಿದ 'ಹ್ಯಾಲೋವೀನ್' ನೋಡಿ. ಒಟ್ಟು ಖರ್ಚು ಸುಮಾರು 3 ಲಕ್ಷ ಡಾಲರ್. ಮುಖವಾಡ ಅಂಗಡಿಯಲ್ಲಿ ಸಿಕ್ಕ 'ಸ್ಟಾರ್ ಟ್ರೆಕ್'ನ ಕ್ಯಾಪ್ಟನ್ ಕರ್ಕ್ ಮುಖ. ಅದಕ್ಕೆ ಬಿಳಿ ಬಣ್ಣ ಹೊಡೆದು, ಕಣ್ಣಿನ ತೂತು ದೊಡ್ಡದು ಮಾಡಿದರು. ಕಥೆ ನಡೆಯುವುದು ಎಲೆ ಉದುರುವ ಕಾಲದಲ್ಲಿ, ಶೂಟಿಂಗ್ ಆದದ್ದು ಕ್ಯಾಲಿಫೋರ್ನಿಯಾದ ವಸಂತದಲ್ಲಿ. ಎಲೆಗಳಿಗೆ ಬಣ್ಣ ಬಳಿದು ರಸ್ತೆಯಲ್ಲಿ ಹರಡಿ, ಶಾಟ್ ಮುಗಿದ ಮೇಲೆ ಮತ್ತೆ ಗುಡಿಸಿ ಚೀಲಕ್ಕೆ ತುಂಬಿಕೊಂಡು ಮುಂದಿನ ಜಾಗಕ್ಕೆ ಒಯ್ಯುತ್ತಿದ್ದರು. ಇಲ್ಲಿಯವರೆಗೂ ನಿಮ್ಮ ವಾದ ಸರಿ. ಆದರೆ ಅದೇ ತಂಡ ಕ್ಯಾಮೆರಾ ವಿಷಯದಲ್ಲಿ ಕೈ ಬಿಗಿ ಹಿಡಿಯಲಿಲ್ಲ. ಪ್ಯಾನಾವಿಷನ್‌ನ ಅಗಲ ಪರದೆಯ ಲೆನ್ಸು ತಂದರು. ಮೈಗೆ ಕಟ್ಟಿಕೊಂಡು ತೇಲುವ ಹಾಗೆ ನಡೆಯಬಹುದಾದ ಪ್ಯಾನಾಗ್ಲೈಡ್ ತಂದರು. ಆ ಅಗಲ ಇಲ್ಲದಿದ್ದರೆ ಫ್ರೇಮಿನ ಒಂದು ಬದಿ ಖಾಲಿ ಬಿಟ್ಟು ಹೆದರಿಸಲು ಆಗುತ್ತಿರಲಿಲ್ಲ. ನಾಯಕಿ ಎಡಕ್ಕೆ, ಬಲಕ್ಕೆ ಬರೀ ಕತ್ತಲ ಬಾಗಿಲು. ನಮ್ಮ ಕಣ್ಣು ಅವಳನ್ನು ಬಿಟ್ಟು ಬಾಗಿಲನ್ನು ಕಾಯುತ್ತದೆ. ಅದು ದುಡ್ಡು ಕೊಟ್ಟು ತಂದ ಭಯ.

ಇನ್ನು 1980ರ 'ದಿ ಶೈನಿಂಗ್'. ನಿರ್ದೇಶಕ ಕುಬ್ರಿಕ್ ಅವರಿಗೆ ದುಡ್ಡಿನ ಕೊರತೆ ಇರಲಿಲ್ಲ, ಸಮಯದ ಕೊರತೆಯೂ ಇರಲಿಲ್ಲ. ಕಥೆ ನಡೆಯುವ ಹೋಟೆಲಿನ ಒಳಗನ್ನೆಲ್ಲ ಇಂಗ್ಲೆಂಡಿನ ಸ್ಟುಡಿಯೊದಲ್ಲಿ ಕಟ್ಟಿಸಿದರು. ಆ ಸಿನಿಮಾ ಹೆದರಿಸುವುದಿಲ್ಲವಾ?


ಸೆಕೆಂಡ್ ಶೋ:

ಒಳ್ಳೆಯ ಪ್ರಶ್ನೆ. ಇಂಥ ಉತ್ತರಕ್ಕಾಗಿಯೇ ಬರೆದದ್ದು.

'ದಿ ಶೈನಿಂಗ್' ನನ್ನ ವಾದಕ್ಕೆ ಎದುರು ನಿಲ್ಲುವುದಿಲ್ಲ ಅಂತ ನನಗೆ ಅನಿಸುತ್ತದೆ. ಹುಡುಗ ಮೂರು ಚಕ್ರದ ಗಾಡಿಯಲ್ಲಿ ಹೋಟೆಲಿನ ಕಾರಿಡಾರ್ ಸುತ್ತುವ ಶಾಟ್ ನೆನಪಿಸಿಕೊಳ್ಳಿ. ಸ್ಟೆಡಿಕ್ಯಾಮ್ ನೆಲದಿಂದ ಸ್ವಲ್ಪವೇ ಮೇಲೆ, ಅವನ ಬೆನ್ನ ಹಿಂದೆಯೇ ಹೋಗುತ್ತದೆ. ದುಬಾರಿ ಸಲಕರಣೆ, ಒಪ್ಪಿದೆ. ಆದರೆ ಭಯ ಎಲ್ಲಿಂದ ಬರುತ್ತದೆ? ಮರದ ನೆಲದ ಮೇಲೆ ಚಕ್ರದ ಗಡಗಡ. ಕಾರ್ಪೆಟ್ ಬಂದ ಕೂಡಲೇ ಸದ್ದು ಮಾಯ. ಮತ್ತೆ ಮರ, ಮತ್ತೆ ಗಡಗಡ. ಮತ್ತೆ ಕಾರ್ಪೆಟ್. ಇದು 1942ರ ಆ ಹೆಜ್ಜೆ ಸದ್ದಿನದೇ ವಂಶ. ಸದ್ದು ನಿಂತಾಗಲೆಲ್ಲ ನಾವು ಉಸಿರು ಬಿಗಿ ಹಿಡಿಯುತ್ತೇವೆ. ಪ್ರತಿ ತಿರುವಿನಲ್ಲೂ ಏನೋ ಇದೆ ಅನಿಸುತ್ತದೆ.

ಕುಬ್ರಿಕ್ ಅವರಿಗೆ ದುಡ್ಡಿತ್ತು, ಜೊತೆಗೆ ಕಾರಣವೂ ಇತ್ತು. ನನ್ನ ಜಗಳ ಕಾರಣ ಇಲ್ಲದ ಶಾಟ್‌ಗಳ ಜೊತೆ. ಬಡವರಿಗೆ ಕಾರಣ ಹುಡುಕದೆ ವಿಧಿಯಿಲ್ಲ, ಒಂದು ಶಾಟ್ ಹೆಚ್ಚಿಗೆ ತೆಗೆಯಲೂ ಆಗುವುದಿಲ್ಲ. ಅದಕ್ಕೇ ಪಟ್ಟುಗಳು ಅಲ್ಲಿ ಜಾಸ್ತಿ ಹುಟ್ಟಿದವು. ಆದರೆ ನಿರ್ಮಾಪಕರು ಲೈಟಿಗೆ ದುಡ್ಡು ಕೊಡಲೇಬೇಕು, ಅದರಲ್ಲಿ ನಾನು ನಿಮ್ಮ ಪರ.


ಮಲೆನಾಡ ಮಳೆ:

ಮೊಬೈಲ್ ಬಗ್ಗೆ ಯಾರೂ ಹೇಳಲೇ ಇಲ್ಲ. ಎಲ್ಲರ ಜೇಬಿಗೂ ಫೋನ್ ಬಂದ ಮೇಲೆ ಹಾರರ್ ಬರೆಯುವವರ ಕೆಲಸ ಕಷ್ಟವಾಗಿದೆ. ಒಂದು ಕರೆ ಮಾಡಿದರೆ ಕಥೆ ಮುಗಿಯುತ್ತದೆ. ಅದಕ್ಕೆ ಎಲ್ಲ ಸಿನಿಮಾದಲ್ಲೂ ಒಬ್ಬರು ಫೋನನ್ನು ಮೇಲಕ್ಕೆ ಎತ್ತಿ ಹಿಡಿದು 'ನೆಟ್‌ವರ್ಕ್ ಇಲ್ಲ' ಅನ್ನಲೇಬೇಕು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಹಾಗೆ ಹೇಳಿದರೆ ನಂಬಿಕೆ ಬರುವುದಿಲ್ಲ. ನಮ್ಮ ಕಡೆ ಅದು ದಿನನಿತ್ಯದ ಮಾತು. ಮಳೆಗಾಲದಲ್ಲಿ ಕರೆಂಟು ಹೋದರೆ ಟವರೂ ಹೋಯಿತು. ಗುಡ್ಡ ಹತ್ತಿ, ಒಂದು ನಿರ್ದಿಷ್ಟ ಬಂಡೆಯ ಮೇಲೆ ನಿಂತು ಮಾತಾಡುವವರು ಇಲ್ಲಿ ಬೇಕಾದಷ್ಟು ಜನ.

ಹಾಗಾಗಿ 2013ರಲ್ಲಿ ಬಂದ ಕನ್ನಡದ '6-5=2' ನನಗೆ ನಾಟಿತು. ಚಾರಣಕ್ಕೆ ಹೋದವರ ಕ್ಯಾಮೆರಾದಲ್ಲಿ ಸಿಕ್ಕ ವಿಡಿಯೊ ಎಂಬ ರೂಪದಲ್ಲಿ ಮಾಡಿದ ಸಿನಿಮಾ. ದಾರಿ ತಪ್ಪುವುದು, ಕತ್ತಲಾಗುವುದು, ಸುತ್ತಿ ಸುತ್ತಿ ಅದೇ ಜಾಗಕ್ಕೆ ಬರುವುದು. ಕಾಡಿನಲ್ಲಿ ಓಡಾಡಿದವರಿಗೆ ಅದರಲ್ಲಿ ದೆವ್ವ ಬರುವ ಮೊದಲೇ ಭಯ ಶುರುವಾಗುತ್ತದೆ. ಆ ರೂಪಕ್ಕೆ ದೊಡ್ಡ ಹೆಸರು ತಂದದ್ದು 1999ರ 'ದಿ ಬ್ಲೇರ್ ವಿಚ್ ಪ್ರಾಜೆಕ್ಟ್'. ಅಲ್ಲಿ ನಟರೇ ಕ್ಯಾಮೆರಾ ಹಿಡಿದಿದ್ದರು. ಪೂರ್ತಿ ಸಂಭಾಷಣೆ ಬರೆದಿರಲಿಲ್ಲ. ದಿನಾ ಬೆಳಗ್ಗೆ ಮೂವರಿಗೂ ಬೇರೆ ಬೇರೆ ಚೀಟಿ ಸಿಗುತ್ತಿತ್ತು, ಒಬ್ಬರ ಚೀಟಿಯನ್ನು ಇನ್ನೊಬ್ಬರು ನೋಡುವ ಹಾಗಿರಲಿಲ್ಲ. ದಿನ ಕಳೆದಂತೆ ಊಟವನ್ನೂ ಕಡಿಮೆ ಮಾಡಿದರು. ಕೊನೆಕೊನೆಗೆ ಅವರು ಜಗಳವಾಡುವುದು ಹಸಿದವರ ಜಗಳದ ಹಾಗೇ ಇದೆ.

ಈ ರೂಪದಲ್ಲಿ ಈಗ ಬರುವ ಸಿನಿಮಾಗಳಲ್ಲಿ ನನಗೆ ಸಿಟ್ಟು ತರಿಸುವುದು ಒಂದೇ. ಪ್ರಾಣ ಉಳಿಸಿಕೊಳ್ಳಲು ಓಡುವವನು ಕ್ಯಾಮೆರಾ ಏಕೆ ಬಿಸಾಡುವುದಿಲ್ಲ? ಅದಕ್ಕೆ ಉತ್ತರ ಕೊಡದಿದ್ದರೆ ಆ ಕ್ಷಣಕ್ಕೆ ನಾನು ಕಥೆಯಿಂದ ಹೊರಗೆ.


ಸೆಕೆಂಡ್ ಶೋ:

ಮಳೆ ಅವರೇ, ಆ ಪ್ರಶ್ನೆಗೆ ಒಂದು ಸಿನಿಮಾ ಬಹಳ ಜಾಣ ಉತ್ತರ ಕೊಟ್ಟಿದೆ. 'ಪ್ಯಾರಾನಾರ್ಮಲ್ ಆಕ್ಟಿವಿಟಿ'. ಓರೆನ್ ಪೆಲಿ ಅದನ್ನು ಸ್ಯಾನ್ ಡಿಯಾಗೊದ ತಮ್ಮ ಸ್ವಂತ ಮನೆಯಲ್ಲಿ 7 ದಿನದಲ್ಲಿ, ಸುಮಾರು 15 ಸಾವಿರ ಡಾಲರ್‌ನಲ್ಲಿ ತೆಗೆದರು. ರಾತ್ರಿಯ ದೃಶ್ಯಗಳಲ್ಲಿ ಕ್ಯಾಮೆರಾವನ್ನು ಯಾರೂ ಹಿಡಿದಿಲ್ಲ. ಮಲಗುವ ಕೋಣೆಯ ಮೂಲೆಯಲ್ಲಿ ಸ್ಟ್ಯಾಂಡ್ ಮೇಲೆ ನಿಂತಿದೆ. ಗಂಡ ಹೆಂಡತಿ ಥರ ಬದುಕುವ ಜೋಡಿ ನಿದ್ದೆ ಮಾಡುತ್ತಿದ್ದಾರೆ. ಪರದೆಯ ಮೂಲೆಯಲ್ಲಿ ಗಡಿಯಾರ ಓಡುತ್ತದೆ. ಅದು ನಿಧಾನವಾದ ಕೂಡಲೇ ಇಡೀ ಥಿಯೇಟರ್ ನೆಟ್ಟಗೆ ಕೂರುತ್ತದೆ, ಏಕೆಂದರೆ ಈಗ ಏನೋ ಆಗುತ್ತದೆ ಅಂತ ಸಿನಿಮಾ ನಮಗೆ ಕಲಿಸಿದೆ. ಬಾಗಿಲು ಸ್ವಲ್ಪ ಅಲುಗುತ್ತದೆ. ಅಷ್ಟಕ್ಕೇ ಜನ ಕೈ ಕೈ ಹಿಡಿದುಕೊಳ್ಳುತ್ತಾರೆ. ಬಾಲ್ಕನಿ ಸೀಟಿನವರೇ, ನಿಮ್ಮ ಗುಂಪಿಗೆ ಇದು ಹೇಳಿ ಮಾಡಿಸಿದ ಸಿನಿಮಾ.


ಹಳೇ ಟಾಕೀಸು:

ಎಲ್ಲರೂ ಅಮೆರಿಕಕ್ಕೆ ಹೋಗಿ ಕೂತಿದ್ದೀರಿ. ನಮ್ಮ ಸಿನಿಮಾಗಳ ಕಟ್ಟಳೆಗಳೇ ಬೇರೆ. ಅದನ್ನೂ ಮಾತಾಡೋಣ.

ನಮ್ಮ ಹಾರರ್‌ನಲ್ಲಿ ಭಯ ಹೆಚ್ಚಾಗಿ ಸಂಸಾರದೊಳಗೆ ಬರುತ್ತದೆ. 1979ರ 'ನಾ ನಿನ್ನ ಬಿಡಲಾರೆ' ನೋಡಿದ ತಲೆಮಾರಿಗೆ ಇದು ಗೊತ್ತು. ಅನಂತ್ ನಾಗ್, ಲಕ್ಷ್ಮಿ. ಮನೆಯ ಹೆಂಡತಿಯ ಮೈಮೇಲೆ ದೆವ್ವ. ಪಾಳುಬಂಗಲೆಯಲ್ಲಿ ಇರುವ ದೆವ್ವದಿಂದ ಓಡಿಹೋಗಬಹುದು. ಅಡುಗೆಮನೆಯಲ್ಲಿ ಇರುವವಳಿಂದ ಎಲ್ಲಿಗೆ ಓಡುವುದು? ಲಕ್ಷ್ಮಿ ಅವರ ಕಣ್ಣನ್ನು ನಮ್ಮ ಮನೆಯ ಹೆಂಗಸರು ಇವತ್ತಿಗೂ ನೆನೆಯುತ್ತಾರೆ.

1993ರಲ್ಲಿ ಉಪೇಂದ್ರ ಅವರ 'ಶ್!' ಬಂತು. ಅಲ್ಲಿ ಸಿನಿಮಾ ತೆಗೆಯಲು ಹೋದ ತಂಡಕ್ಕೇ ಭಯ ಕಾಡುತ್ತದೆ. ಹಾರರ್‌ನ ನಿಯಮಗಳನ್ನು ಪಾತ್ರಗಳ ಬಾಯಲ್ಲೇ ಹೇಳಿಸಿದ ಇಂಗ್ಲಿಷಿನ 'ಸ್ಕ್ರೀಮ್' ಬಂದದ್ದು 1996ರಲ್ಲಿ. ಎರಡೂ ಒಂದೇ ಥರದ ಸಿನಿಮಾ ಅನ್ನುತ್ತಿಲ್ಲ. ಆದರೆ ಸಿನಿಮಾ ತನ್ನ ಕಸುಬನ್ನೇ ಹಾರರ್‌ನ ಒಳಗೆ ತಂದು ಆಡುವ ಧೈರ್ಯ ನಮ್ಮಲ್ಲಿ ಮೊದಲೇ ಇತ್ತು ಅನ್ನುವುದು ನನಗೆ ಹೆಮ್ಮೆ.

ಇನ್ನು 'ಆಪ್ತಮಿತ್ರ', 2004. ಅದರ ಮೂಲ 1993ರ ಮಲಯಾಳದ 'ಮಣಿಚಿತ್ರತಾಳ್'. ನಾಯಕಿ ತಾನೇ ಅವಳು ಅಂದುಕೊಳ್ಳುವ ಸತ್ತ ನರ್ತಕಿ ಮಲಯಾಳದಲ್ಲಿ ತಮಿಳು ಮಾತಾಡುತ್ತಾಳೆ. ನಮ್ಮಲ್ಲಿ ನಾಗವಲ್ಲಿ ತೆಲುಗಿನವಳು. ಮನೆಮಂದಿಯ ಜೊತೆ ಚೆನ್ನಾಗಿ ಕನ್ನಡ ಮಾತಾಡುತ್ತಿದ್ದ ಹುಡುಗಿ ಒಮ್ಮೆಲೇ ಬೇರೆ ಭಾಷೆಗೆ ಹೊರಳುತ್ತಾಳೆ. ಮೇಕಪ್ ಬೇಡ, ಗ್ರಾಫಿಕ್ಸ್ ಬೇಡ. ದನಿ ಬದಲಾದರೆ ಸಾಕು, ಇವಳು ಅವಳಲ್ಲ ಅಂತ ನಮಗೆ ಗೊತ್ತಾಗುತ್ತದೆ. ಆ ಪಾತ್ರ ಮಾಡಿದ ಸೌಂದರ್ಯ ಆ ವರ್ಷ ಏಪ್ರಿಲ್‌ನಲ್ಲಿ ತೀರಿಕೊಂಡರು, ಸಿನಿಮಾ ಆಗಸ್ಟ್‌ನಲ್ಲಿ ಬಿಡುಗಡೆಯಾಯಿತು. ಥಿಯೇಟರಿನಲ್ಲಿ ಕೂತವರಿಗೆ ಆ ಮುಖ ನೋಡುವಾಗ ಭಯದ ಜೊತೆ ಸಂಕಟವೂ ಇತ್ತು. ಅದನ್ನು ಯಾವ ನಿರ್ದೇಶಕರೂ ಯೋಜಿಸಿದ್ದಲ್ಲ.

ಮತ್ತೆ ಇಂಟರ್ವಲ್. ಭಯ ಅನ್ನುವುದು ನಿಧಾನಕ್ಕೆ ಏರಬೇಕು, ನಾವು ಸರಿಯಾಗಿ ಅರ್ಧಕ್ಕೆ ಲೈಟ್ ಹಾಕಿ ಪಾಪ್‌ಕಾರ್ನ್‌ಗೆ ಕಳಿಸುತ್ತೇವೆ. ಇಂಗ್ಲಿಷ್ ಸಿನಿಮಾ ನಮ್ಮಲ್ಲಿ ಹಾಕುವಾಗಲೂ ಎಲ್ಲೋ ನಡುವೆ ಕತ್ತರಿಸಿ ನಿಲ್ಲಿಸುತ್ತಾರೆ, ಕಟ್ಟಿದ ಗಾಳಿಯೆಲ್ಲ ಹೋಗುತ್ತದೆ. ನಮ್ಮ ಬರಹಗಾರರು ಅದಕ್ಕೂ ದಾರಿ ಕಂಡುಕೊಂಡರು. ಇಂಟರ್ವಲ್‌ಗೆ ಒಂದು ದೊಡ್ಡ ತಿರುವು ಇಟ್ಟು, ಹತ್ತು ನಿಮಿಷ ಹೊರಗೆ ಜನ ಅದನ್ನೇ ಮಾತಾಡುವ ಹಾಗೆ ಮಾಡಿದರು. ಸೆಕೆಂಡ್ ಶೋ ಅವರ ಪಟ್ಟಿಗೆ ಇದನ್ನೂ ಸೇರಿಸಿಕೊಳ್ಳಿ.


ಬಾಲ್ಕನಿ ಸೀಟು:

ಟಾಕೀಸು ಅಣ್ಣಾ, ಸೂಪರ್. ಆದರೆ ನಮ್ಮ ಹಾರರ್‌ನಲ್ಲಿ ಕಾಮಿಡಿ ಏಕೆ ಇಷ್ಟು ಜಾಸ್ತಿ? ಭಯ ಬರುವ ಹೊತ್ತಿಗೆ ಒಬ್ಬರು ಬಂದು ಪಂಚೆ ಒದ್ದೆ ಮಾಡಿಕೊಳ್ಳುವ ಜೋಕ್ ಮಾಡುತ್ತಾರೆ.


ಹಳೇ ಟಾಕೀಸು:

ಅದಕ್ಕೆ ಒಂದು ಕಾರಣ ಸೆನ್ಸಾರ್ ಕಾಗದ. 'ಎ' ಸರ್ಟಿಫಿಕೇಟ್ ಬಂದರೆ ಮಕ್ಕಳು, ಜೊತೆಗೆ ಇಡೀ ಸಂಸಾರ ಥಿಯೇಟರಿಗೆ ಬರುವುದಿಲ್ಲ. ಟಿವಿಯಲ್ಲಿ ಅದನ್ನು ಹಾಗೇ ಹಾಕುವಂತೆಯೂ ಇಲ್ಲ. ಟಿವಿ ಹಕ್ಕಿನ ದುಡ್ಡು ಹೋದರೆ ನಿರ್ಮಾಪಕನಿಗೆ ದೊಡ್ಡ ಹೊಡೆತ. ಹಾಗಾಗಿ ಭಯಕ್ಕೆ ನೀರು ಬೆರೆಸಿ, ನಗು ಹಾಕಿ ತೆಳ್ಳಗೆ ಮಾಡುತ್ತಾರೆ.


ಸೆಕೆಂಡ್ ಶೋ:

ಇದೇ ಕಷ್ಟಕ್ಕೆ ಬೇರೆ ದಾರಿ ಹಿಡಿದವರೂ ಇದ್ದಾರೆ. 1974ರ 'ದಿ ಟೆಕ್ಸಾಸ್ ಚೈನ್ ಸಾ ಮ್ಯಾಸಾಕರ್' ನಿರ್ದೇಶಕ ಟೋಬ್ ಹೂಪರ್ ಅವರಿಗೆ ಎಲ್ಲ ವಯಸ್ಸಿನವರೂ ಬರಬಹುದಾದ ಪಿಜಿ ಸರ್ಟಿಫಿಕೇಟ್ ಸಿಗಬಹುದು ಅಂತ ಆಸೆ ಇತ್ತು. ಅದಕ್ಕೆ ರಕ್ತ ಬಹಳ ಕಡಿಮೆ ತೋರಿಸಿದರು. ಕಟುಕರ ಕೊಕ್ಕೆಗೆ ಹುಡುಗಿಯನ್ನು ನೇತುಹಾಕುವ ದೃಶ್ಯದಲ್ಲಿ ಕೊಕ್ಕೆ ಮೈಗೆ ಹೋಗುವುದನ್ನು ತೋರಿಸುವುದೇ ಇಲ್ಲ. ಅವಳ ಮುಖ, ಕಿರುಚಾಟ, ಕೆಳಗೆ ಇಟ್ಟ ಬಕೆಟ್ಟು. ಆ ಬಕೆಟ್ಟು ನೋಡಿದ ಮೇಲೆ ಮಿಕ್ಕದ್ದನ್ನು ನಮ್ಮ ತಲೆಯೇ ತುಂಬಿಕೊಳ್ಳುತ್ತದೆ. ಅವರು ಬಯಸಿದ ಸರ್ಟಿಫಿಕೇಟ್ ಸಿಗಲಿಲ್ಲ, ಹದಿನೇಳು ತುಂಬದವರು ದೊಡ್ಡವರ ಜೊತೆ ಮಾತ್ರ ಬರಬಹುದಾದ 'ಆರ್' ದರ್ಜೆ ಸಿಕ್ಕಿತು. ಸೆನ್ಸಾರ್‌ಗೆ ಹೆದರಿ ಜೋಕ್ ಸೇರಿಸುವ ನಮ್ಮವರು ಒಮ್ಮೆ ಈ ದೃಶ್ಯವನ್ನು ಶಾಟ್ ಶಾಟ್ ಬಿಡಿಸಿ ನೋಡಬೇಕು.

ಕನ್ನಡದಲ್ಲಿ ಪವನ್ ಕುಮಾರ್ ಅವರ 'ಯು ಟರ್ನ್', 2016, ಜೋಕಿನ ಆಸರೆ ಇಲ್ಲದೆ ನಿಂತ ಸಿನಿಮಾ. ಬೆಂಗಳೂರಿನ ಡಬಲ್ ರೋಡ್ ಫ್ಲೈಓವರ್ ಮೇಲೆ ಬೈಕಿನವರು ಡಿವೈಡರ್‌ನ ಕಲ್ಲು ಸರಿಸಿ ಅಡ್ಡ ತಿರುಗುತ್ತಾರೆ. ಕಲ್ಲನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ಕಥೆಯ ಬೀಜ ಅಷ್ಟೇ. ಪಾಳುಮನೆ ಇಲ್ಲ, ಗೊಂಬೆ ಇಲ್ಲ. ನಾವು ದಿನಾ ಮಾಡುವ, ದಿನಾ ನೋಡುವ ತಪ್ಪು. ಹೊಸ ಪಟ್ಟು ಅಂದರೆ ನನಗೆ ಇದು. ಬೇರೆಯವರ ಬಚ್ಚಲುಮನೆ ಕನ್ನಡಿಯನ್ನು ಎತ್ತಿಕೊಂಡು ಬರದೆ ತಮ್ಮ ರಸ್ತೆಯ ಕಲ್ಲನ್ನು ನೋಡಿದರು.


ಹೊಸ ರೀಲು:

ಎಲ್ಲರಿಗೂ ನಮಸ್ಕಾರ. ನಾನು ಕಾಲೇಜಿನಲ್ಲಿದ್ದೇನೆ. ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ನಾವು ಗೆಳೆಯರು ಸೇರಿ ಹತ್ತು ನಿಮಿಷದ ಹಾರರ್ ಕಿರುಚಿತ್ರ ಮಾಡುತ್ತಿದ್ದೇವೆ. ಫೋನಿನಲ್ಲೇ ಶೂಟಿಂಗ್. ಜಾಗ ನಮ್ಮ ಅಜ್ಜಿಯ ಹಳೇ ತೊಟ್ಟಿಮನೆ. ರಾತ್ರಿ ತೆಗೆದದ್ದನ್ನು ನೋಡಿದರೆ ಎಲ್ಲ ಕಪ್ಪು, ಜೊತೆಗೆ ಚುಕ್ಕೆ ಚುಕ್ಕೆ. ಏನು ಮಾಡಬೇಕು? ದೆವ್ವವನ್ನು ತೋರಿಸಬೇಕಾ ಬೇಡವಾ ಅಂತಲೂ ನಮ್ಮಲ್ಲಿ ಜಗಳ ನಡೆಯುತ್ತಿದೆ.


ಕ್ಯಾಮೆರಾ ಹಿಂದೆ:

ತೊಟ್ಟಿಮನೆ ಸಿಕ್ಕಿದೆ ಅಂದರೆ ನಿಮಗೆ ಅರ್ಧ ಕೆಲಸ ಆದ ಹಾಗೆ. ಪೂರ್ತಿ ರಾತ್ರಿಯಲ್ಲಿ ತೆಗೆಯಬೇಡಿ. ಸೂರ್ಯ ಮುಳುಗಿ ಸ್ವಲ್ಪ ಹೊತ್ತು ಆಕಾಶದಲ್ಲಿ ನೀಲಿ ಇರುತ್ತದಲ್ಲ, ಆ ಹೊತ್ತಿನಲ್ಲಿ ತೊಟ್ಟಿಯೊಳಗೆ ಮೇಲಿನಿಂದ ಬೆಳಕು ಇಳಿಯುತ್ತದೆ. ಎಲ್ಲ ಸಿದ್ಧ ಮಾಡಿಕೊಂಡು ಆ ಹೊತ್ತಿಗೆ ಕಾಯಿರಿ. ಪರದೆಯ ಮೇಲೆ ಅದು ರಾತ್ರಿಯ ಹಾಗೇ ಕಾಣುತ್ತದೆ. ಒಳಗಿನ ಕೋಣೆಯಲ್ಲಿ ಒಂದು ಹಳದಿ ಬಲ್ಬ್ ಉರಿಯಲಿ. ಹಳದಿ ಮತ್ತು ನೀಲಿ ಎರಡೂ ಒಂದೇ ಫ್ರೇಮಿನಲ್ಲಿ ಇದ್ದರೆ ಕಣ್ಣಿಗೆ ಆಳ ಸಿಗುತ್ತದೆ. ಫೋನಿನಲ್ಲಿ ಎಕ್ಸ್‌ಪೋಶರ್, ಅಂದರೆ ಬೆಳಕಿನ ಮಟ್ಟ, ಲಾಕ್ ಮಾಡುವುದು ಮರೆಯಬೇಡಿ. ಇಲ್ಲದಿದ್ದರೆ ಕತ್ತಲು ಬಂದ ಕೂಡಲೇ ಅದು ತಾನೇ ಬೆಳಕು ಏರಿಸಲು ಹೋಗುತ್ತದೆ, ಚುಕ್ಕೆಗಳು ಬರುವುದು ಅದರಿಂದಲೇ.


ಸೌಂಡ್ ರೂಮ್:

ಫೋನಿನ ಮೈಕ್ ನಂಬಬೇಡಿ. ಇನ್ನೊಂದು ಫೋನನ್ನು ನಟರ ಹತ್ತಿರ, ಫ್ರೇಮಿನ ಹೊರಗೆ ಬಚ್ಚಿಟ್ಟು ಅದರಲ್ಲಿ ಸದ್ದು ಹಿಡಿಯಿರಿ. ಶುರುವಿನಲ್ಲಿ ಒಂದು ಚಪ್ಪಾಳೆ ಹೊಡೆದರೆ ಎಡಿಟಿಂಗ್‌ನಲ್ಲಿ ಎರಡನ್ನೂ ಹೊಂದಿಸುವುದು ಸುಲಭ. ಶೂಟಿಂಗ್ ಮುಗಿದ ಮೇಲೆ ಎಲ್ಲರನ್ನೂ ಹೊರಗೆ ಕಳಿಸಿ ಆ ಮನೆಯ ಸದ್ದನ್ನು ಬೇರೆ ರೆಕಾರ್ಡ್ ಮಾಡಿಕೊಳ್ಳಿ. ಬಾಗಿಲಿನ ಕಿರುಗುಟ್ಟುವಿಕೆ, ಹೆಂಚಿನ ಮೇಲೆ ಬೀಳುವ ಎಲೆ, ಬಾವಿ ಇದ್ದರೆ ರಾಟೆಯ ಸದ್ದು. ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಸಿಗುವ ಬಾಗಿಲಿನ ಸದ್ದನ್ನು ಹಾಕಬೇಡಿ. ಅದು ಬೇರೆ ದೇಶದ ಬಾಗಿಲು, ನಿಮ್ಮ ಅಜ್ಜಿಯ ಮನೆಯ ಮರಕ್ಕೆ ಹೊಂದುವುದಿಲ್ಲ.


ಸೆಕೆಂಡ್ ಶೋ:

ದೆವ್ವ ತೋರಿಸುವ ಜಗಳಕ್ಕೆ ನನ್ನ ಓಟು ಹೀಗಿದೆ. ತೋರಿಸುವುದಾದರೆ ಒಂದೇ ಸಲ ತೋರಿಸಿ, ಹತ್ತು ನಿಮಿಷದ ಚಿತ್ರಕ್ಕೆ ಅಷ್ಟು ಸಾಕು. ಅದಕ್ಕೂ ಮೊದಲು ಅವಳು ಎಲ್ಲಿ ಇರುತ್ತಾಳೆ, ಬರುವ ಮುಂಚೆ ಮನೆಯಲ್ಲಿ ಏನು ಬದಲಾಗುತ್ತದೆ ಅಂತ ನಿಮ್ಮೊಳಗೇ ಒಂದು ನಿಯಮ ಮಾಡಿಕೊಳ್ಳಿ. ಉದಾಹರಣೆಗೆ, ಅವಳು ಬರುವ ಮೊದಲು ರಾಟೆ ಒಂದು ಸಲ ತಿರುಗುತ್ತದೆ. ಮೊದಲ ಸಲ ರಾಟೆ ತಿರುಗಿದಾಗ ಏನೂ ಆಗದಿರಲಿ. ಎರಡನೇ ಸಲ ಯಾವುದೋ ಸಣ್ಣ ವಸ್ತು ಜಾಗ ಬದಲಿಸಲಿ. ಮೂರನೇ ಸಲ ರಾಟೆಯನ್ನು ತೋರಿಸದೆ ಸದ್ದು ಮಾತ್ರ ಕೇಳಿಸಿ. ಅಷ್ಟು ಹೊತ್ತಿಗೆ ನೋಡುವವರಿಗೆ ನಿಮ್ಮ ನಿಯಮ ಗೊತ್ತಾಗಿರುತ್ತದೆ. ಅದನ್ನು ಕೊನೆಯವರೆಗೂ ಮುರಿಯಬೇಡಿ, ಬೇಕಾದ ಹಾಗೆ ರಾಟೆ ತಿರುಗಿಸಬೇಡಿ. ಮುಗಿದ ಮೇಲೆ ಲಿಂಕ್ ಇಲ್ಲೇ ಹಾಕಿ. ನಾನು ಹೆಡ್‌ಫೋನ್ ಹಾಕಿಕೊಂಡು, ಲೈಟ್ ಆರಿಸಿ ನೋಡುತ್ತೇನೆ, ಏನನಿಸಿತು ಅಂತ ವಿವರವಾಗಿ ಬರೆಯುತ್ತೇನೆ.


ಹೊಸ ರೀಲು:

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಬಾವಿ ಇದೆ, ರಾಟೆಯೂ ಇದೆ. ತುಕ್ಕು ಹಿಡಿದು ತಿರುಗುತ್ತಿಲ್ಲ. ಎಣ್ಣೆ ಹಾಕಿದರೆ ಸದ್ದು ಹೋಗುತ್ತದಾ ಸರ್?


ಸೌಂಡ್ ರೂಮ್:

ಹೋಗುತ್ತದೆ. ಎಣ್ಣೆ ಹಾಕಲೇಬೇಡಿ. ಸ್ವಲ್ಪ ನೀರು ಚಿಮುಕಿಸಿ ಕೈಯಿಂದ ಅಲುಗಾಡಿಸಿ ಸಡಿಲ ಮಾಡಿ. ಮೊದಲ ಸಲ ತಿರುಗುವಾಗಲೇ ರೆಕಾರ್ಡಿಂಗ್ ಆನ್ ಇರಲಿ. ಎರಡು ಮೂರು ಸುತ್ತು ಆದ ಮೇಲೆ ಅದೇ ಸದ್ದು ಮತ್ತೆ ಬರುವುದಿಲ್ಲ.